ಹಬ್ ಮೋಟರ್ ಬಿಚ್ಚುವ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಎಲೆಕ್ಟ್ರಿಕ್ ಸೈಕಲ್ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದವುಗಳಲ್ಲಿ ಮುಕ್ಕಾಲು ಪಾಲು ಚಕ್ರದ ಮಧ್ಯೆ ಕೂತಿರುವ ಹಬ್ ಮೋಟರ್ ಬಗ್ಗೆಯೇ ಇದ್ದವು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಉದ್ದ ಇದ್ದದ್ದನ್ನು ಕತ್ತರಿಸಿ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಸರ್, ಸೈಕಲ್ ತಗೊಂಡು ಎರಡು ವರ್ಷ ಆಯ್ತು. ಮೋಟರ್ ಒಂದು ಸಲವೂ ಬಿಚ್ಚಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ಸರ್ವಿಸ್ ಮಾಡಬೇಕಾ?

ಬೇಡ. ಚೆನ್ನಾಗಿ ಓಡುತ್ತಿರುವ ಹಬ್ ಮೋಟರನ್ನು ಸುಮ್ನೆ ಬಿಚ್ಚಿದರೆ ಲಾಭಕ್ಕಿಂತ ಹಾನಿಯೇ ಜಾಸ್ತಿ. ಕವರಿನ ಸೀಲ್ ಸಡಿಲ ಆಗುತ್ತೆ, ಸ್ಕ್ರೂ ತಲೆ ಸವೆಯುತ್ತೆ, ಒಳಗೆ ಕಸ ಸೇರುತ್ತೆ. ಈ ಮೋಟರಿನಲ್ಲಿ ಬ್ರಷ್ (ಉಜ್ಜುತ್ತಾ ಕರೆಂಟ್ ದಾಟಿಸುವ ಇಂಗಾಲದ ತುಂಡು) ಇಲ್ಲ, ಹಾಗಾಗಿ ಸವೆಯುವ ಭಾಗಗಳೇ ಕಡಿಮೆ: ಬೇರಿಂಗು, ಗೇರ್ ಇದ್ದರೆ ಗೇರು ಮತ್ತು ಅದರ ಕ್ಲಚ್ಚು. ಉಳಿದ ತೊಂದರೆಗಳಲ್ಲಿ ಹೆಚ್ಚಿನವು ಮೋಟರಿನ ಹೊರಗೇ ಇರುತ್ತವೆ. ವೈರು, ಕನೆಕ್ಟರು, ಆಕ್ಸಲ್ ನಟ್ಟು, ಚಕ್ರದ ಕಡ್ಡಿ.

ಹಾಗಾದರೆ ವರ್ಷಪೂರ್ತಿ ಏನು ಮಾಡಬೇಕು? ತಿಂಗಳಿಗೊಂದು ಸಲ ಆಕ್ಸಲ್ ನಟ್ಟಿಗೆ ಸ್ಪ್ಯಾನರ್ ಹಾಕಿ ಬಿಗಿ ಇದೆಯಾ ನೋಡಿ. ಕಡ್ಡಿಗಳನ್ನು ಎರಡೆರಡಾಗಿ ಬೆರಳಲ್ಲಿ ಹಿಸುಕಿ, ಸಡಿಲ ಇದೆಯಾ ನೋಡಿ. ಮೋಟರ್ ವೈರ್ ಆಕ್ಸಲ್ ತೂತಿನಿಂದ ಹೊರಬರುವ ಜಾಗವನ್ನು ಬೆಳಕು ಹಿಡಿದು ನೋಡಿ, ಅಲ್ಲಿ ರಬ್ಬರ್ ಸೀಳಿದ್ದರೆ ಇವತ್ತಲ್ಲ ನಾಳೆ ತೊಂದರೆ ಗ್ಯಾರಂಟಿ. ಆಮೇಲೆ ಚಕ್ರವನ್ನು ನೆಲದಿಂದ ಎತ್ತಿ ಕೈಯಲ್ಲಿ ತಿರುಗಿಸಿ ಕಿವಿಗೊಟ್ಟು ಕೇಳಿ. ರಿಮ್ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಆಕ್ಸಲ್ ಗಟ್ಟಿಯಾಗಿದ್ದು ಚಕ್ರ ಮಾತ್ರ ಲಟಪಟ ಅಂದರೆ ಬೇರಿಂಗ್ ಹೋಗಿದೆ ಅಂತ ಅರ್ಥ, ಆಗ ಬಿಚ್ಚಲೇಬೇಕು. ಬೇರಿಂಗಿನ ನಂಬರ್ ಅದರ ಅಂಚಿನ ಮೇಲೇ ಅಚ್ಚಾಗಿರುತ್ತೆ. ಅದೇ ನಂಬರಿನದು, ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಹಾಕಿ. ನಂಬರಿನ ಕೊನೆಯಲ್ಲಿ 2ಆರ್‌ಎಸ್ ಅಂತ ಇದ್ದರೆ ಅದು ಆ ಥರದ್ದು.

ಪ್ರಶ್ನೆ: ನನ್ನದು ಗೇರ್ ಇರೋದಾ, ಇಲ್ಲದ್ದಾ ಅಂತ ಬಿಚ್ಚದೆ ತಿಳಿಯೋದು ಹೇಗೆ?

ಸುಲಭ. ಪವರ್ ಆಫ್ ಮಾಡಿ ಚಕ್ರವನ್ನು ಮುಂದಕ್ಕೆ ತಿರುಗಿಸಿ, ಆಮೇಲೆ ಹಿಂದಕ್ಕೆ. ಮುಂದಕ್ಕೆ ಸಲೀಸಾಗಿ ತಿರುಗಿ, ಹಿಂದಕ್ಕೆ ಸ್ವಲ್ಪ ಭಾರವಾಗಿ, ಒಳಗೆ ಏನೋ ಜೊತೆಗೆ ಓಡುತ್ತಿದೆ ಅನ್ನಿಸಿದರೆ ಗೇರ್ ಮೋಟರ್. ಒಳಗಿನ ಒನ್‌ವೇ ಕ್ಲಚ್ಚು ಮುಂದಕ್ಕೆ ಬಿಡುತ್ತೆ, ಹಿಂದಕ್ಕೆ ಹಿಡಿಯುತ್ತೆ. ಎರಡೂ ಕಡೆ ಒಂದೇ ಥರ ಸಣ್ಣ ಸಣ್ಣ ತಡೆ ಬಂದರೆ ಅದು ಡೈರೆಕ್ಟ್ ಡ್ರೈವ್, ಗೇರ್ ಇಲ್ಲದ್ದು. ಆ ತಡೆ ಮ್ಯಾಗ್ನೆಟ್ಟಿನದು, ದೋಷ ಅಲ್ಲ. ಡೈರೆಕ್ಟ್ ಡ್ರೈವ್ ನೋಡೋಕೂ ಅಗಲ, ತೂಕವೂ ಜಾಸ್ತಿ.

ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರಗಳೆಲ್ಲ ಇದರ ಮೇಲೇ ನಿಂತಿವೆ.

ಪ್ರಶ್ನೆ: ಥ್ರಾಟಲ್ ಕೊಟ್ಟರೆ ಮೋಟರ್ ಗುಂಯ್ ಅಂತ ನಡುಗುತ್ತೆ, ಚಕ್ರ ತಿರುಗಲ್ಲ. ಕಾಲಲ್ಲಿ ತಳ್ಳಿದರೆ ಕೆಲವು ಸಲ ಹೊರಡುತ್ತೆ. ಮೋಟರ್ ಬದಲಾಯಿಸಿ ಅಂತ ಹೇಳುತ್ತಿದ್ದಾರೆ. ನಿಜಾನಾ?

ಇಷ್ಟಕ್ಕೇ ಮೋಟರ್ ಬದಲಾಯಿಸಬೇಡಿ. ನೀವು ಹೇಳಿದ ಲಕ್ಷಣ ಹಾಲ್ ಸೆನ್ಸರ್ ಕಡೆಯದು, ಇಲ್ಲ ಮೋಟರಿಗೆ ಕರೆಂಟ್ ಒಯ್ಯುವ ಮೂರು ಫೇಸ್ ವೈರ್‌ಗಳಲ್ಲಿ ಒಂದು ಸಂಪರ್ಕ ತಪ್ಪಿದೆ. ಒಳಗೆ ಮೂರು ಸಣ್ಣ ಸೆನ್ಸರ್‌ಗಳಿರುತ್ತವೆ, ಮ್ಯಾಗ್ನೆಟ್ ಈಗ ಎಲ್ಲಿದೆ ಅಂತ ಕಂಟ್ರೋಲರಿಗೆ (ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹಂಚುವ ಪೆಟ್ಟಿಗೆ) ಹೇಳುವುದೇ ಅವುಗಳ ಕೆಲಸ. ಒಂದು ಸುಳ್ಳು ಹೇಳಿದರೂ ಕಂಟ್ರೋಲರ್ ತಪ್ಪು ಕಾಯಿಲಿಗೆ (ತಾಮ್ರದ ಸುರುಳಿಗೆ) ಕರೆಂಟ್ ಕೊಡುತ್ತೆ, ಚಕ್ರ ಹಿಂದೆ ಮುಂದೆ ನಡುಗುತ್ತೆ.

ಮೊದಲು ಕನೆಕ್ಟರ್ ನೋಡಿ. ಬ್ಯಾಟರಿ ತೆಗೆಯಿರಿ. ತೆಗೆದ ಮೇಲೆ ಡಿಸ್‌ಪ್ಲೇ ಸ್ವಿಚ್ ಒಂದೆರಡು ಸಲ ಒತ್ತಿ, ಕಂಟ್ರೋಲರ್ ಒಳಗಿನ ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಇಳಿಯಲಿ. ಹೆಚ್ಚಿನ ಸೈಕಲ್‌ಗಳಲ್ಲಿ ಮೋಟರಿನ ವೈರು ಒಂದೇ ದುಂಡು ಕನೆಕ್ಟರಿನಲ್ಲಿ ಸೇರುತ್ತೆ, ಒಳಗೆ 9 ಪಿನ್. ಅದನ್ನು ತಿರುಚಬೇಡಿ, ನೇರಕ್ಕೆ ಎಳೆಯಿರಿ. ತಿರುಚಿಯೇ ಎಷ್ಟೋ ಜನ ಸಣ್ಣ ಪಿನ್ ಬಗ್ಗಿಸಿಕೊಳ್ಳುತ್ತಾರೆ, ಆಮೇಲೆ ಸೆನ್ಸರ್ ಹೋಗಿದೆ ಅಂತ ಪರದಾಡುತ್ತಾರೆ. ಪಿನ್ ನೇರ ಇದೆಯಾ, ಹಸಿರು ಕಿಲುಬು ಹಿಡಿದಿದೆಯಾ, ದಪ್ಪ ಪಿನ್ ಸುಟ್ಟು ಕಪ್ಪಾಗಿದೆಯಾ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ಬಾಣದ ಗುರುತು ಎದುರುಬದುರು ಬರುವ ಹಾಗೆ ಪೂರ್ತಿ ಒತ್ತಿ. ಅರ್ಧ ಕೂತ ಕನೆಕ್ಟರ್ ಕೂಡ ಇದೇ ಥರ ಆಟ ಆಡಿಸುತ್ತೆ.

ಅದರಿಂದ ಸರಿ ಹೋಗದಿದ್ದರೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ದಪ್ಪ ಮೂರು ವೈರು ಫೇಸ್: ಹಳದಿ, ಹಸಿರು, ನೀಲಿ. ಸಣ್ಣ ಐದು ವೈರು ಹಾಲ್ ಸೆನ್ಸರಿನದು: ಕೆಂಪು, ಕಪ್ಪು, ಜೊತೆಗೆ ಮತ್ತೆ ಹಳದಿ, ಹಸಿರು, ನೀಲಿ. ಇನ್ನೊಂದು ಬಿಳಿ ವೈರ್ ಇದ್ದರೆ ಅದು ಸಾಮಾನ್ಯವಾಗಿ ಸ್ಪೀಡಿನದು, ಇಲ್ಲ ಬಿಸಿ ಅಳೆಯುವುದು. ಮೋಟರ್ ಕಂಟ್ರೋಲರಿಗೆ ಸೇರಿಯೇ ಇರಲಿ, ಚಕ್ರ ನೆಲದಿಂದ ಮೇಲಿರಲಿ, ಬ್ಯಾಟರಿ ಹಾಕಿ ಆನ್ ಮಾಡಿ, ಥ್ರಾಟಲ್ ಮುಟ್ಟಬೇಡಿ. ಕಂಟ್ರೋಲರ್ ಹತ್ತಿರದ ಕನೆಕ್ಟರಿನ ಹಿಂಬದಿಯಿಂದ ಮೀಟರಿನ ಕಡ್ಡಿ ತೂರಿಸಿ. ಕೆಂಪು ಮತ್ತು ಕಪ್ಪಿನ ನಡುವೆ 5 ವೋಲ್ಟ್ ಆಸುಪಾಸು ಬರಬೇಕು. ಬರದಿದ್ದರೆ ಸೆನ್ಸರನ್ನು ಬೈಯಬೇಡಿ, ಅದಕ್ಕೆ ಊಟವೇ ಸಿಕ್ಕಿಲ್ಲ. ಬಂದರೆ, ಒಂದು ಕಡ್ಡಿ ಕಪ್ಪಿನಲ್ಲೇ ಇಟ್ಟು ಇನ್ನೊಂದನ್ನು ಸಣ್ಣ ಹಳದಿಗೆ ಇಡಿ, ಚಕ್ರವನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಗೇರ್ ಮೋಟರ್ ಆದರೆ ಹಿಂದಕ್ಕೇ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದರೆ ಕ್ಲಚ್ ಬಿಟ್ಟುಬಿಡುತ್ತೆ, ಒಳಗಿನ ಮೋಟರ್ ಅಲ್ಲಾಡುವುದೇ ಇಲ್ಲ, ನೀವು ಮೀಟರ್ ನೋಡುತ್ತಾ ಮೂರೂ ಸೆನ್ಸರ್ ಹೋಗಿದೆ ಅಂದುಕೊಳ್ಳುತ್ತೀರಿ. ಮೀಟರಿನಲ್ಲಿ ಸೊನ್ನೆ ಹತ್ತಿರ, ಆಮೇಲೆ 5ರ ಹತ್ತಿರ, ಮತ್ತೆ ಸೊನ್ನೆ ಅಂತ ಹಾರಾಡಬೇಕು. ಹಸಿರು, ನೀಲಿಗೂ ಹಾಗೇ ನೋಡಿ.

ಒಂದು ವೈರು ಯಾವಾಗಲೂ ಮೇಲೇ ನಿಂತಿದ್ದರೆ ವೈರ್ ತುಂಡಾಗಿರಬಹುದು, ಸೆನ್ಸರ್ ಸತ್ತಿರಬಹುದು. 5 ವೋಲ್ಟಿಗೆ ಎತ್ತಿ ಹಿಡಿಯುವುದು ಕಂಟ್ರೋಲರ್, ಕೆಳಗೆ ಎಳೆಯುವುದಷ್ಟೇ ಸೆನ್ಸರಿನ ಕೆಲಸ. ಅದಕ್ಕೇ ಮೋಟರನ್ನು ಕಂಟ್ರೋಲರಿನಿಂದ ಬಿಡಿಸಿ ಬರೀ 5 ವೋಲ್ಟ್ ಕೊಟ್ಟು ಪರೀಕ್ಷೆ ಮಾಡಿದವರಿಗೆ ಏನೂ ಕಾಣುವುದಿಲ್ಲ. ಯಾವಾಗಲೂ ಸೊನ್ನೆಯಲ್ಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ. ಒಂದು ಎಚ್ಚರಿಕೆ: ಮೀಟರ್ ಕಡ್ಡಿಯ ತುದಿ ಜಾರಿ ದಪ್ಪ ವೈರನ್ನೂ ಸಣ್ಣ ವೈರನ್ನೂ ಒಟ್ಟಿಗೆ ಮುಟ್ಟಿದರೆ ಚೆನ್ನಾಗಿದ್ದ ಸೆನ್ಸರೂ ಅಲ್ಲೇ ಹೋಗುತ್ತೆ. ಕಡ್ಡಿಗೆ ತುದಿ ಮಾತ್ರ ಬಿಟ್ಟು ಟೇಪ್ ಸುತ್ತಿಕೊಳ್ಳಿ.

ಸೆನ್ಸರೇ ಹೋಗಿದ್ದರೆ ಮೋಟರ್ ಬಿಚ್ಚಿ ಬೆಸುಗೆ ಹಾಕಬೇಕು. ಮೂರನ್ನೂ ಒಟ್ಟಿಗೆ ಬದಲಾಯಿಸಿ, ಹಳೆಯದರ ಅಕ್ಷರ ಬರೆದ ಮುಖ ಯಾವ ಕಡೆ ಇತ್ತೋ ಅದೇ ಕಡೆ ಕೂರಿಸಿ. ತೆಗೆಯುವ ಮುಂಚೆ ಮೊಬೈಲಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಪವರ್ ಆಫ್ ಇದ್ದರೂ ಸೈಕಲ್ ತಳ್ಳೋಕೆ ತುಂಬಾ ಭಾರ. ಬ್ರೇಕ್ ಉಜ್ಜುತ್ತಿಲ್ಲ, ನೋಡಿದ್ದೇನೆ. ಡೈರೆಕ್ಟ್ ಡ್ರೈವ್ ಮೋಟರ್.

ಇದನ್ನು ಕಂಡುಹಿಡಿಯುವುದು ನನಗೆ ತುಂಬಾ ಇಷ್ಟದ ಕೆಲಸ, ಮೀಟರೂ ಬೇಡ. ಬ್ಯಾಟರಿ ತೆಗೆದು ಮೋಟರ್ ಕನೆಕ್ಟರ್ ಬಿಡಿಸಿ, ಚಕ್ರ ತಿರುಗಿಸಿ. ಭಾರ ಹೋಯಿತಾ? ಹಾಗಾದರೆ ಮೋಟರ್ ಸರಿ ಇದೆ, ಕಂಟ್ರೋಲರ್ ಒಳಗಿನ ಕರೆಂಟ್ ಸ್ವಿಚ್, ಅಂದರೆ ಮಾಸ್‌ಫೆಟ್ ಶಾರ್ಟ್ ಆಗಿದೆ. ಬಿಡಿಸಿದ ಮೇಲೂ ಚಕ್ರ ಜಗ್ಗಿ ಜಗ್ಗಿ ತಿರುಗಿದರೆ ಫೇಸ್ ವೈರುಗಳು ಎಲ್ಲೋ ಒಂದಕ್ಕೊಂದು ತಾಗಿವೆ. ಎಲ್ಲೋ ಅಂದರೆ ಹತ್ತಕ್ಕೆ ಒಂಬತ್ತು ಸಲ ಆಕ್ಸಲ್ ಬಾಯಲ್ಲೇ ಅಂತ ಇಟ್ಟುಕೊಳ್ಳಿ, ವೈರು ಮಡಚಿ ಹೊರಬರುವ ಜಾಗ ಅದೇ ಅಲ್ವಾ. ಕಾಯಿಲ್ ಸುಟ್ಟಿದ್ದರೂ ಹೀಗಾಗುತ್ತೆ, ಆಗ ಕವರ್ ತೆಗೆದ ತಕ್ಷಣ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತೆ.

ಇನ್ನೂ ಒಂದು ಕೆಲಸ ಮಾಡಿ. ಕನೆಕ್ಟರ್ ಬಿಟ್ಟಿರುವಾಗಲೇ ಮೋಟರ್ ಕಡೆಯ ಮೂರು ದಪ್ಪ ಪಿನ್‌ಗಳಲ್ಲಿ ಯಾವುದಾದರೂ ಎರಡನ್ನು ಒಂದು ತುಂಡು ವೈರಿನಿಂದ ಸೇರಿಸಿ ಚಕ್ರ ತಿರುಗಿಸಿ. ಕೈಗೆ ಗಟ್ಟಿ ತಡೆ ಸಿಗಬೇಕು. ಹಳದಿ-ಹಸಿರು, ಹಸಿರು-ನೀಲಿ, ನೀಲಿ-ಹಳದಿ, ಮೂರು ಜೋಡಿಗೂ ಒಂದೇ ಥರ ಸಿಗಬೇಕು. ಒಂದು ಫೇಸ್ ತುಂಡಾಗಿದ್ದರೆ ಅದು ಸೇರಿದ ಎರಡು ಜೋಡಿಯಲ್ಲಿ ತಡೆಯೇ ಇರುವುದಿಲ್ಲ. ಫೇಸ್‌ಗಳ ನಡುವಿನ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಎಷ್ಟೋ ಕಡಿಮೆ. ಮನೆಯ ಮೀಟರ್ ಅಷ್ಟು ಸಣ್ಣದನ್ನು ನಂಬುವ ಹಾಗೆ ತೋರಿಸಲ್ಲ. ಕೈಯೇ ವಾಸಿ. ಮೀಟರ್ ಬೇಕಾಗುವುದು ಫೇಸ್ ವೈರಿಗೂ ಆಕ್ಸಲ್ ಲೋಹಕ್ಕೂ ಸಂಪರ್ಕ ಇದೆಯಾ ಅಂತ ನೋಡಲು, ಅಲ್ಲಿ ಬೀಪ್ ಬರಲೇಬಾರದು.

ಗೇರ್ ಮೋಟರ್ ಇರುವವರಿಗೆ ಒಂದು ಮಾತು: ನಿಮ್ಮ ಚಕ್ರ ಮುಂದಕ್ಕೇ ಭಾರ ಇದ್ದರೆ ಅದು ವೈರಿನ ಕಥೆಯೇ ಅಲ್ಲ. ಕ್ಲಚ್ ಇರುವುದರಿಂದ ಫೇಸ್ ಶಾರ್ಟ್ ಮುಂದಕ್ಕೆ ಗೊತ್ತೇ ಆಗುವುದಿಲ್ಲ. ಬ್ರೇಕು, ಬೇರಿಂಗು, ಇಲ್ಲವೇ ಕಚ್ಚಿಕೊಂಡ ಕ್ಲಚ್ ನೋಡಿ.

ಪ್ರಶ್ನೆ: ಮೋಟರ್ ಜುಂಯ್ ಅಂತ ಓಡುವ ಸದ್ದು ಕೇಳುತ್ತೆ, ಚಕ್ರ ಮಾತ್ರ ಅಲ್ಲಾಡಲ್ಲ. ಮೊದಲು ಏರಿನಲ್ಲಿ ಕರಕರ ಸದ್ದು ಬರುತ್ತಿತ್ತು. ಮನೆಯಲ್ಲೇ ಬಿಚ್ಚಬಹುದಾ ಅಣ್ಣ?

ಬಿಚ್ಚಬಹುದು, ಬಿಚ್ಚಲೇಬೇಕು. ಗೇರಿನ ಹಲ್ಲು ಹೋಗಿದೆ, ಇಲ್ಲ ಕ್ಲಚ್ ಜಾರುತ್ತಿದೆ. ಕರಕರ ಮೊದಲೇ ಬರುತ್ತಿತ್ತು ಅಂದಿದ್ದೀರಿ, ನನ್ನ ಅಂದಾಜು ಗೇರ್ ಕಡೆಗೆ.

ಚಕ್ರ ಕಳಚಿ, ಡಿಸ್ಕ್ ಇದ್ದರೆ ಅದರ 6 ಬೋಲ್ಟ್ ತೆಗೆದು ಬದಿಗಿಡಿ. ಡಿಸ್ಕಿಗೆ ಗ್ರೀಸ್ ಕೈ ತಾಗಿಸಬೇಡಿ, ಬ್ರೇಕ್ ಹಿಡಿಯಲ್ಲ. ಕವರ್ ಮತ್ತು ಹೊರ ಚಿಪ್ಪಿನ ಮೇಲೆ ಒಂದೇ ಗೆರೆ ಎಳೆಯಿರಿ, ವಾಪಸ್ ಅದೇ ಜಾಗಕ್ಕೆ ಕೂರಿಸಲು. ಕವರಿನ ಸ್ಕ್ರೂಗಳಿಗೆ ಅಂಟು ಹಾಕಿರುತ್ತಾರೆ. ಸರಿಯಾಗಿ ಕೂರುವ ಕೀಯನ್ನೇ ಹಾಕಿ ಒಂದೇಟು ಗಟ್ಟಿಯಾಗಿ ತಿರುಗಿಸಿ, ಸಡಿಲ ಕೀ ಹಾಕಿ ತಲೆ ಕೆಡಿಸಿಕೊಂಡರೆ ಅರ್ಧ ದಿನ ಅದಕ್ಕೇ ಹೋಗುತ್ತೆ. ಸ್ಕ್ರೂ ಬಂದ ಮೇಲೆ ಆಕ್ಸಲ್ ತುದಿಯ ಕೆಳಗೆ ಮರದ ತುಂಡು ಇಟ್ಟು ಚಕ್ರವನ್ನು ಸ್ವಲ್ಪ ಎತ್ತಿ ಕುಕ್ಕಿ, ಕವರ್ ಬಿಡುತ್ತೆ. ಆಕ್ಸಲ್ ತುದಿಗೆ ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆಯಬೇಡಿ, ಮರೆ (ನಟ್ಟು ತಿರುಗುವ ಸುರುಳಿ ಗೆರೆ) ಹಾಳಾದರೆ ನಟ್ಟು ಕೂರುವುದಿಲ್ಲ.

ಒಳಗೆ ಮೂರು ಗೇರು ಕಾಣುತ್ತವೆ, ಹೆಚ್ಚಾಗಿ ಬಿಳಿ ಅಥವಾ ಕಪ್ಪು ನೈಲಾನ್. ಮಧ್ಯೆ ಮೋಟರಿನ ಪುಟ್ಟ ಉಕ್ಕಿನ ಗೇರು, ಹೊರಗೆ ಚಿಪ್ಪಿಗೆ ಅಂಟಿದ ಉಂಗುರದ ಗೇರು. ಹಲ್ಲು ಸವೆದಿದ್ದರೆ ತುದಿ ಚೂಪಾಗಿರುತ್ತೆ, ಉದುರಿದ್ದರೆ ಗ್ರೀಸಿನೊಳಗೆ ನೈಲಾನ್ ಚೂರು ಕಾಣುತ್ತೆ. ಗೇರ್ ಕೂತ ತಟ್ಟೆಯ ಮಧ್ಯೆ ಇರುವುದೇ ಕ್ಲಚ್. ತಟ್ಟೆ ಹಿಡಿದು ಒಳಭಾಗ ತಿರುಗಿಸಿ: ಒಂದು ಕಡೆ ಸಲೀಸು, ಇನ್ನೊಂದು ಕಡೆ ಒಂಚೂರೂ ಜಾರದೆ ಹಿಡಿಯಬೇಕು. ಎರಡೂ ಕಡೆ ತಿರುಗಿದರೆ ಕ್ಲಚ್ ಹೋಗಿದೆ. ಒಂದೇ ಗೇರ್ ಹೋಗಿದ್ದರೂ ಮೂರನ್ನೂ ಬದಲಾಯಿಸಿ. ಹೊಸದು ತರುವ ಮುಂಚೆ ಹಲ್ಲು ಎಣಿಸಿ, ಅಗಲ, ದಪ್ಪ, ಮಧ್ಯದ ತೂತು ಅಳೆದುಕೊಳ್ಳಿ. ಮೋಟರಿನ ಹೆಸರು ಒಂದೇ ಇದ್ದರೂ ಗೇರ್ ಅಳತೆ ಬೇರೆ ಇರಬಹುದು.

ಈಗ ಗ್ರೀಸ್. ಎಲ್ಲರೂ ಎಡವುವ ಜಾಗ ಇದು. ಹಳೇ ಗ್ರೀಸನ್ನು ಬಟ್ಟೆ, ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ಒರೆಸಿ ತೆಗೆಯಿರಿ, ಸೀಮೆಎಣ್ಣೆ ಪೆಟ್ರೋಲ್ ಅಂತ ಕಾಯಿಲ್ ಮೇಲೆ ಸುರಿಯಬೇಡಿ, ಅದರ ವಾರ್ನಿಷ್‌ಗೆ ಒಳ್ಳೆಯದಲ್ಲ. ಪ್ಲಾಸ್ಟಿಕ್ಕಿಗೆ ಆಗುವ ಸಿಂಥೆಟಿಕ್ ಗ್ರೀಸ್ ತಗೊಳ್ಳಿ, ಬಿಳಿ ಲಿಥಿಯಂ ಗ್ರೀಸೂ ನಡೆಯುತ್ತೆ. ಹಲ್ಲಿನ ಸಂದಿಗೆ ತೆಳುವಾಗಿ ಸವರಿದರೆ ಸಾಕು. ಜಾಸ್ತಿ ತುಂಬಿದರೆ ಅದು ಬಿಸಿಗೆ ಕರಗಿ ಹೊರಗೆ ಎಸೆಯಲ್ಪಟ್ಟು ಮೋಟರ್ ತುಂಬಾ ಹರಡುತ್ತೆ, ಹಲ್ಲಿಗೇನೂ ಉಳಿಯುವುದಿಲ್ಲ. ಕ್ಲಚ್ ಒಳಗೆ ದಪ್ಪ ಗ್ರೀಸ್ ತುಂಬಬೇಡಿ, ಒಳಗಿನ ರೋಲರುಗಳು ಅಂಟಿಕೊಂಡು ಹಿಡಿಯುವುದನ್ನೇ ಬಿಡುತ್ತವೆ. ಅಲ್ಲಿಗೆ ಒಂದೆರಡು ಹನಿ ತೆಳು ಎಣ್ಣೆ ಸಾಕು. ಡಬ್ಲ್ಯೂಡಿ-40 ಹೊಡೆದು ಬಿಡ್ತೀನಿ ಅಂತ ಒಬ್ಬ ಓದುಗರು ಬರೆದಿದ್ದಾರೆ. ದಯವಿಟ್ಟು ಬೇಡ, ಅದು ಇರುವ ಗ್ರೀಸನ್ನೂ ತೊಳೆದುಹಾಕುತ್ತೆ.

ವಾಪಸ್ ಕೂರಿಸುವಾಗ ಗೇರಿನ ಹಲ್ಲು ಉಂಗುರದ ಹಲ್ಲಿಗೆ ಸೇರುವ ತನಕ ಆಕ್ಸಲನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತಾ ಇಳಿಸಿ. ಹಲ್ಲು ಸೇರದೆ ಸ್ಕ್ರೂ ಬಿಗಿದು ಎಳೆದರೆ ಹೊಸ ಗೇರ್ ಅಲ್ಲೇ ಮುರಿಯುತ್ತೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಡೈರೆಕ್ಟ್ ಡ್ರೈವ್ ಇರುವವರು ಇದನ್ನು ಓದಿ ಹುಮ್ಮಸ್ಸಿನಿಂದ ಕವರ್ ಎಳೆಯಬೇಡಿ. ಅಲ್ಲಿ ಮ್ಯಾಗ್ನೆಟ್ ಎಳೆತ ಭಯಂಕರ. ಅರ್ಧ ಹೊರಬಂದ ಸ್ಟೇಟರ್ (ಕಾಯಿಲ್ ಸುತ್ತಿದ ಒಳಭಾಗ) ಫಟ್ ಅಂತ ಒಳಗೆ ಹೋಗುತ್ತೆ, ಮಧ್ಯೆ ಬೆರಳಿದ್ದರೆ ಕಥೆ ಮುಗೀತು. ಬೇರಿಂಗ್ ಪುಲ್ಲರ್ ಹಾಕಿಯೇ ತೆಗೆಯಬೇಕು, ಮೇಜಿನ ಮೇಲೆ ಕಬ್ಬಿಣದ ಪುಡಿ ಒಂದು ಚಿಟಿಕೆಯೂ ಇರಬಾರದು.

ಪ್ರಶ್ನೆ: ಮಳೆಯಲ್ಲಿ ಓಡಿಸಬಹುದಾ? ಮೋಟರ್ ಸುತ್ತ ಸಿಲಿಕೋನ್ ಹಚ್ಚಿ ಪೂರ್ತಿ ಮುಚ್ಚಿಬಿಟ್ಟರೆ?

ಮಳೆ ಪರವಾಗಿಲ್ಲ. ನಿಂತ ನೀರಿನಲ್ಲಿ ಆಕ್ಸಲ್ ಮುಳುಗುವ ಹಾಗೆ ಹೋಗಬಾರದು, ಪ್ರೆಶರ್ ವಾಷರ್ ಹತ್ತಿರವೂ ತರಬಾರದು. ಓಡಿ ಬಿಸಿಯಾದ ಮೋಟರಿಗೆ ತಣ್ಣೀರು ಹೊಡೆದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ, ವೈರಿನ ತೂತಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತೆ. ತಣ್ಣಗಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಷ್ಟೇ.

ಪೂರ್ತಿ ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ. ಹೇಗೋ ಒಳಗೆ ಹೋದ ತೇವಕ್ಕೆ ಹೊರಗೆ ಬರಲು ದಾರಿಯೇ ಇರುವುದಿಲ್ಲ, ತುಕ್ಕು ಶುರುವಾಗುತ್ತೆ. ವೈರ್ ಹೊರಬರುವ ಬಾಯಿಗೆ ಮಾತ್ರ ಸ್ವಲ್ಪ ಹಚ್ಚಿ. ಅದಕ್ಕಿಂತ ಮುಖ್ಯ, ಆಕ್ಸಲಿನಿಂದ ಬಂದ ವೈರು ಮೊದಲು ಕೆಳಗೆ ಇಳಿದು ಆಮೇಲೆ ಮೇಲೆ ಹೋಗಬೇಕು. ವೈರಿನ ಮೇಲೆ ಹರಿದ ನೀರು ಆ ಬಳುಕಿನಲ್ಲಿ ತೊಟ್ಟಿಕ್ಕಿ ಹೋಗುತ್ತೆ, ಮೋಟರಿಗೆ ಹೋಗಲ್ಲ.

ಪ್ರಶ್ನೆ: ಪಂಚರ್ ಅಂತ ಚಕ್ರ ತೆಗೆದು ಹಾಕಿದ ಮೇಲೆ ಆಕ್ಸಲ್ ಗಿರ್ ಅಂತ ತಿರುಗಿ ವೈರ್ ಹರಿದುಹೋಯಿತು. ಯಾಕೆ?

ಮೋಟರ್ ಚಕ್ರವನ್ನು ಮುಂದಕ್ಕೆ ತಳ್ಳುವಷ್ಟೇ ಬಲದಲ್ಲಿ ಆಕ್ಸಲನ್ನು ಹಿಂದಕ್ಕೆ ತಿರುಗಿಸುತ್ತೆ. ಅದನ್ನು ತಡೆಯುವುದು ಆಕ್ಸಲಿನ ಎರಡು ಚಪ್ಪಟೆ ಬದಿ, ಮೂಗಿರುವ ವಾಷರ್, ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ, ಮತ್ತೆ ನಟ್ಟಿನ ಬಿಗಿ. ವಾಷರಿನ ಮೂಗು ಫ್ರೇಮಿನ ಸೀಳಿನೊಳಗೆ ಕೂರಬೇಕು. ಅದನ್ನು ಉಲ್ಟಾ ಹಾಕಿದರೆ ನಟ್ಟು ಎಷ್ಟು ಬಿಗಿ ಇದ್ದರೂ ಪ್ರಯೋಜನ ಇಲ್ಲ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಚಕ್ರ ತೆಗೆಯುವ ಮುಂಚೆ ಎರಡೂ ಬದಿಯ ವಾಷರುಗಳ ಕ್ರಮ ಫೋಟೋ ತೆಗೆಯಿರಿ. ನಟ್ಟಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಸರಿ. ಮುಂದಿನ ಚಕ್ರದಲ್ಲಿ ಮೋಟರ್ ಇದ್ದು ಫೋರ್ಕ್ ಅಲ್ಯೂಮಿನಿಯಂ ಆಗಿದ್ದರೆ ಟಾರ್ಕ್ ಆರ್ಮ್ ಇಲ್ಲದೆ ಓಡಿಸಲೇಬೇಡಿ. ಅಲ್ಯೂಮಿನಿಯಂ ಬಗ್ಗುವುದಿಲ್ಲ, ಸೀದಾ ಸೀಳುತ್ತೆ, ಚಕ್ರ ಕಳಚಿ ಬೀಳುತ್ತೆ.

ಆಕ್ಸಲಿನ ಮರೆಯಲ್ಲಿ ಗಾಯ ಇದೆಯಾ, ಫ್ರೇಮಿನ ಸೀಳು ಅಗಲ ಆಗಿದೆಯಾ ನೋಡಿಯೇ ಹೊಸ ವೈರ್ ಹಾಕಿಸಿ.

ಪ್ರಶ್ನೆ: ಓಡುವಾಗ ಟಕ್ ಟಕ್ ಸದ್ದು, ಮೋಟರಿನೊಳಗಿಂದಲೇ ಬಂದ ಹಾಗಿದೆ.

ಪೆಡಲ್ ನಿಲ್ಲಿಸಿ, ಥ್ರಾಟಲ್ ಬಿಟ್ಟು, ಇಳಿಜಾರಿನಲ್ಲಿ ಸುಮ್ನೆ ಹೋಗಲು ಬಿಡಿ. ಆಗಲೂ ಬಂದರೆ ಕಡ್ಡಿ ನೋಡಿ. ಸಡಿಲ ಕಡ್ಡಿಯ ಸದ್ದು ಹಬ್ಬಿನ ಚಿಪ್ಪಿನಲ್ಲಿ ಮೊಳಗಿ ಒಳಗಿಂದಲೇ ಬಂದ ಹಾಗೆ ಕೇಳುತ್ತೆ. ಮೋಟರ್ ಚಕ್ರದಲ್ಲಿ ಕಡ್ಡಿ ಗಿಡ್ಡ, ಎಳೆತ ಜಾಸ್ತಿ, ಹಬ್ಬಿಗೆ ಸಿಕ್ಕುವ ಬಾಗಿನಲ್ಲೇ ತುಂಡಾಗುತ್ತೆ. ಒಂದು ತುಂಡಾದರೆ ಬೇಗ ಹಾಕಿಸಿ, ಪಕ್ಕದವು ಒಂದೊಂದಾಗಿ ಹೋಗುತ್ತವೆ.

ಪ್ರಶ್ನೆ: ಉದ್ದ ಏರು ಹತ್ತಿದ ಮೇಲೆ ಮೋಟರ್ ಮುಟ್ಟೋಕಾಗದಷ್ಟು ಬಿಸಿ. ಫೆರೋಫ್ಲೂಯಿಡ್ ಹಾಕಿದರೆ ತಣ್ಣಗಾಗುತ್ತಂತೆ?

ಹೊರಗೆ ಮುಟ್ಟೋಕಾಗಲ್ಲ ಅಂದರೆ ಒಳಗಿನ ತಾಮ್ರ ಇನ್ನೂ ಎಷ್ಟೋ ಬಿಸಿ ಇರುತ್ತೆ, ನಡುವೆ ಗಾಳಿ ಇದೆಯಲ್ಲ. ಕರೆಂಟ್ ಎರಡರಷ್ಟಾದರೆ ತಾಮ್ರದ ಬಿಸಿ ನಾಲ್ಕರಷ್ಟಾಗುತ್ತೆ. ನಿಧಾನವಾಗಿ, ಪೂರ್ತಿ ಥ್ರಾಟಲ್ ಕೊಟ್ಟು, ಪೆಡಲ್ ತುಳಿಯದೆ ಹತ್ತುವುದೇ ಮೋಟರಿಗೆ ಅತಿ ಕಷ್ಟದ ಕೆಲಸ. ಪೆಡಲ್ ತುಳಿಯಿರಿ, ವೇಗ ಬೀಳಲು ಬಿಡಬೇಡಿ, ಮಧ್ಯೆ ನಿಲ್ಲಿಸಿ. ಬಿಸಿಗೆ ನೈಲಾನ್ ಗೇರ್ ಮೆತ್ತಗಾಗುತ್ತೆ, ಮ್ಯಾಗ್ನೆಟ್ ಬಲವೂ ಕುಂದುತ್ತೆ. ಸಾಧಾರಣ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ಟಿಗೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟ, ಮೇಲಿನ ದರ್ಜೆಯವು ಇನ್ನೂ ತಡೆಯುತ್ತವೆ. ಹೋದ ಬಲ ಪೂರ್ತಿ ವಾಪಸ್ ಬರುವುದಿಲ್ಲ.

ಫೆರೋಫ್ಲೂಯಿಡ್, ಅಂದರೆ ಮ್ಯಾಗ್ನೆಟ್ಟಿಗೆ ಅಂಟುವ ದ್ರವ, ಡೈರೆಕ್ಟ್ ಡ್ರೈವಿಗೆ ನಿಜವಾಗಿ ಉಪಯೋಗ. ಮ್ಯಾಗ್ನೆಟ್ ಅದನ್ನು ಸಂದಿಯಲ್ಲಿ ಹಿಡಿದಿಟ್ಟು, ಸ್ಟೇಟರಿನ ಬಿಸಿ ಹೊರ ಚಿಪ್ಪಿಗೆ ದಾಟಲು ದಾರಿ ಆಗುತ್ತೆ. ಗೇರ್ ಮೋಟರಿಗೆ ಹಾಕಬೇಡಿ, ಅಲ್ಲಿ ಮೋಟರ್ ಭಾಗವೇ ಚಿಪ್ಪಿನೊಳಗೆ ಬೇರೆಯಾಗಿ ಕೂತಿರುತ್ತೆ, ಬಿಸಿ ಹೊರಗೆ ಹೋಗುವುದಿಲ್ಲ.

ಪ್ರಶ್ನೆ: ಹಾಲ್ ಸೆನ್ಸರ್ ಹೋದರೂ ಓಡಿಸಬಹುದು ಅಂತಾರೆ. ಹೌದಾ?

ಹೌದು, ಸೆನ್ಸರ್ ಇಲ್ಲದೆಯೂ ನಡೆಸುವ ಕಂಟ್ರೋಲರ್ ಇದ್ದರೆ. ಅದು ಮೋಟರ್ ತಿರುಗುವಾಗ ಹುಟ್ಟುವ ವೋಲ್ಟೇಜ್ ನೋಡಿ ಜಾಗ ಅಂದಾಜು ಮಾಡುತ್ತೆ. ನಿಂತಲ್ಲಿ ಆ ವೋಲ್ಟೇಜ್ ಇರುವುದಿಲ್ಲ, ಅದಕ್ಕೇ ಹೊರಡುವಾಗ ಜರ್ಕ್ ಹೊಡೆಯುತ್ತೆ. ನಾಲ್ಕು ಸುತ್ತು ಪೆಡಲ್ ತುಳಿದು ಆಮೇಲೆ ಥ್ರಾಟಲ್ ಕೊಡಿ. ಸಮತಟ್ಟಾದ ದಾರಿಯಲ್ಲಿ ಓಡಾಡುವವರಿಗೆ ಇಷ್ಟರಲ್ಲೇ ನಡೆದುಹೋಗುತ್ತೆ. ಗೇರ್ ಮೋಟರಿನಲ್ಲಿ ಮಾತ್ರ ಆ ಜರ್ಕು ನೇರ ನೈಲಾನ್ ಹಲ್ಲಿಗೆ ಬೀಳುತ್ತೆ. ನಿಮ್ಮದು ಗೇರ್ ಮೋಟರ್ ಆದರೆ ಸೆನ್ಸರ್ ಹಾಕಿಸಿಕೊಳ್ಳಿ.